ಅಂಗಿಯ ಅಗ್ನಿಪರೀಕ್ಷೆ

ಫ್ಯೂಸಣ್ಣ ಆ ದಿನ ಹೊಸ ಅಂಗಿ ತೊಟ್ಟು ಕೆಲಸಕ್ಕೆ ಹೋಗಿದ್ದೇ ತಪ್ಪು.

ತಪ್ಪು ಅವನದೂ ಅಲ್ಲ ಬಿಡಿ. ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂದು ಹೆಂಡತಿ ಕೊಡಿಸಿದ ಅಂಗಿ ಅದು. ಮದುವೆಯದೆಂದು ಅವರ ಮನೆಯಲ್ಲಿ ಇದ್ದದ್ದು ಒಂದೇ ಒಂದು ಫೋಟೋ, ಅದರಲ್ಲಿ ಫ್ಯೂಸಣ್ಣ ಕಣ್ಣು ಮುಚ್ಚಿದ್ದ. ಹೆಂಡತಿಯ ಚಿಕ್ಕಮ್ಮ ಬಂದಾಗಲೆಲ್ಲ ಅದರ ಮುಂದೆ ನಿಂತು, "ಪಾಪ, ಅಳಿಯಂದ್ರಿಗೆ ಒಳ್ಳೆ ನಿದ್ದೆ" ಅನ್ನುತ್ತಿದ್ದರು. ಇದನ್ನು ಕೇಳಿ ಕೇಳಿ ಹೆಂಡತಿಗೆ ಸಾಕಾಗಿತ್ತು.

"ಸಂಜೆ ಐದಕ್ಕೆ ನೇರ ಸ್ಟುಡಿಯೋಗೆ ಬನ್ನಿ. ಇದೇ ಅಂಗಿ ಇರ್ಬೇಕು, ಕಣ್ಣು ತೆರೆದಿರ್ಬೇಕು. ಎರಡೇ ಕೆಲಸ. ಆಗುತ್ತೋ ಇಲ್ವೋ?"

"ಅದೇನು ಮಹಾ!" ಅಂದ ಫ್ಯೂಸಣ್ಣ.

ಅವನು ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಆ ದಿನ ದೊಡ್ಡ ಪ್ಯಾನೆಲ್ ತೆರೆಯುವುದಿತ್ತು. ಅದರೊಳಗೆ ಏನಾದರೂ ಎಡವಟ್ಟಾದರೆ ರೆಪ್ಪೆ ಬಡಿಯುವಷ್ಟರಲ್ಲಿ ಬೆಂಕಿಯ ಮಿಂಚು ಹೊರಗೆ ನುಗ್ಗುತ್ತದೆ. ಅದಕ್ಕೇ ಮೈತುಂಬ ದಪ್ಪ ಸೂಟು, ಮುಖ ಮುಚ್ಚುವ ಟೋಪಿ. ಸೂಟು ಹಾಕುವ ಮೊದಲೇ ಪ್ಯಾನೆಲ್ ರೂಮಿನ ಬಾಗಿಲಲ್ಲಿ ಸೇಫ್ಟಿ ಆಫೀಸರು ತಡೆದರು.

"ಸೂಟಿನೊಳಕ್ಕೆ ಅಂತ ಏನು ಹಾಕಿದೀಯಯ್ಯಾ?"

"ಅಂಗಿ, ಸಾರ್."

"ಅದು ನನಗೂ ಕಾಣುತ್ತೆ. ಹತ್ತಿಯದೋ, ನೈಲಾನೋ? ಮಿಂಚು ಹೊಡೆದ್ರೆ ನೈಲಾನು ಕರಗಿ ಮೈಗೆ ಅಂಟ್ಕೊಳ್ಳುತ್ತೆ. ಆಮೇಲೆ ಚರ್ಮದ ಜೊತೆಗೇ ಬರೋದು."

"ಗೊತ್ತಿಲ್ಲ ಸಾರ್, ಹೆಂಡತಿ ಕೊಡಿಸಿದ್ದು."

"ಹೆಂಡತಿ ಕೊಡಿಸಿದ್ದು ಅಂತ ಬೆಂಕಿ ಬಿಡುತ್ತಾ? ತಿಳ್ಕೊಂಡು ಬಾ, ಇಲ್ಲಾ ಬದಲಾಯಿಸ್ಕೊಂಡು ಬಾ."

ಆಫೀಸರು ಹೇಳಿದ್ದು ಸರಿಯಾಗೇ ಇತ್ತು. ಆದರೆ ತಿಳಿಯುವುದು ಹೇಗೆ? ಕುತ್ತಿಗೆಗೆ ಚುಚ್ಚುತ್ತದೆಂದು ಕಾಲರಿನ ಚೀಟಿಯನ್ನು ಹೆಂಡತಿಯೇ ಕತ್ತರಿಸಿದ್ದಳು. ಫೋನ್ ಮಾಡಿ ಕೇಳಲು ಧೈರ್ಯವಿಲ್ಲ. ಉಡುಗೊರೆ ಯಾವ ಬಟ್ಟೆ ಅಂತ ಕೇಳುವುದೂ ಒಂದೇ, ಅದರ ಬೆಲೆ ಕೇಳುವುದೂ ಒಂದೇ.

ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದ ಸ್ಟೋರ್‌ಕೀಪರ್ ವಿಷಯ ಕೇಳಿ ಲೋಟ ಕೆಳಗಿಟ್ಟ. "ಇಷ್ಟೇನಾ? ನಮ್ಮ ಸೋದರಮಾವಂದು ಬಟ್ಟೆ ಅಂಗಡಿ ಕಣಯ್ಯಾ. ಒಂದೆಳೆ ಸುಟ್ಟು ನೋಡಿದ್ರೆ ಆಯ್ತು. ಬೂದಿಯಾದ್ರೆ ಹತ್ತಿ, ಗಂಟಾದ್ರೆ ನೈಲಾನು. ಬಿಚ್ಚು ಅಂಗಿ!"

ಮೊದಲನೇ ಎಳೆ ಸುಟ್ಟು ಉಳಿದದ್ದು ಏನೆಂದು ನೋಡುವ ಮೊದಲೇ ಫ್ಯಾನಿನ ಗಾಳಿಗೆ ಹಾರಿಹೋಯಿತು. ಎರಡನೆಯದು ಬೂದಿ ಅಂತ ಸ್ಟೋರ್‌ಕೀಪರ್, ಗಂಟು ಅಂತ ಕ್ಯಾಂಟೀನಿನ ಅಕ್ಕ.

"ಒಂದೆಳೇಲಿ ಏನು ಗೊತ್ತಾಗುತ್ತೆ? ಅಂಚಿಗೇ ಒಂಚೂರು ತೋರ್ಸಿ" ಎಂದು ಅಕ್ಕ ಸಲಹೆ ಕೊಟ್ಟಳು.

ಸ್ಟೋರ್‌ಕೀಪರ್ ತೋರಿಸಿದ. ಬೆಂಕಿಗೆ ಒಂಚೂರು ಎಷ್ಟು ಅಂತ ಯಾರೂ ಹೇಳಿರಲಿಲ್ಲವಲ್ಲ, ಭಗ್ಗನೆ ಹತ್ತಿತು. "ಅಯ್ಯಯ್ಯೋ!" ಎಂದು ಫ್ಯೂಸಣ್ಣ ಕೂಗಿದ. ಅಕ್ಕ ಒಂದು ಜಗ್ ನೀರು ಸುರಿದಳು. ಅಂಗಿಯ ಕೆಳ ಅಂಚಿನಲ್ಲಿ ಅಂಗೈಯಗಲ ತೂತು.

ಸ್ಟೋರ್‌ಕೀಪರ್ ಬೂದಿ ಮೂಸಿದ. ಮುಖ ಅರಳಿತು. "ಕಾಗದ ಸುಟ್ಟ ವಾಸನೆ! ಅಪ್ಪಟ ಹತ್ತಿ ಕಣಯ್ಯಾ. ಪುಣ್ಯವಂತ ನೀನು!"

ಪುಣ್ಯವಂತ ಒದ್ದೆ ಅಂಚನ್ನು ಪ್ಯಾಂಟಿನೊಳಗೆ ತುರುಕಿಕೊಂಡು, ಬೂದಿಯನ್ನು ಚೀಟಿಯಲ್ಲಿ ಕಟ್ಟಿ ಆಫೀಸರಿಗೆ ತೋರಿಸಿ, ಸೂಟು ಹಾಕಿ ಒಳಗೆ ಹೋದ. ಪ್ಯಾನೆಲ್ ಹಸುವಿನ ಹಾಗೆ ಸುಮ್ಮನಿತ್ತು. ಒಂದು ಕಿಡಿಯೂ ಹಾರಲಿಲ್ಲ.

ಸಂಜೆ ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಒದ್ದೆ ಅಂಚು ಸೊಂಟಕ್ಕೆ ಕಡಿಯತೊಡಗಿತು. ಆರಲಿ ಎಂದು ಹೊರಗೆ ಬಿಟ್ಟ, ಮತ್ತೆ ಸೇರಿಸಲು ಮರೆತ. ಬಾಗಿಲಲ್ಲೇ ನಿಂತಿದ್ದ ಹೆಂಡತಿಯ ಕಣ್ಣು ನೇರ ತೂತಿಗೇ ಹೋಯಿತು.

"ಏನ್ರೀ ಇದು?"

ನಿಜ ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. "ಪ್ಯಾನೆಲ್ಲಲ್ಲಿ ಮಿಂಚು ಹೊಡೀತು ಕಣೇ" ಅಂದ. "ಅಂಗಿ ಹೋಯ್ತು, ನಾನು ಉಳಿದೆ."

ಹೆಂಡತಿಯ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡ ಮೇಲೆ ತಲೆಯೂ ಓಡಿತು. "ಸೂಟು ಹಾಕಿರ್ಲಿಲ್ವಾ?"

"ಹಾಕಿದ್ದೆ."

"ಸೂಟಿನೊಳಗಿದ್ದ ಅಂಗಿ ಸುಟ್ಟಿದೆ ಅಂದ್ರೆ ಸೂಟೇ ಕೆಟ್ಟಿದೆ! ನೀವು ಮನೇಲಿ ಬಿಸಾಕಿದ್ರಲ್ಲ ಆ ಸೇಫ್ಟಿ ಪುಸ್ತಕ, ಅದನ್ನ ಓದಿ, ಆರು ಅಂಗಡಿ ಅಲೆದು, ಅಪ್ಪಟ ಹತ್ತೀದೇ ಬೇಕು ಅಂತ ತಂದೆ ನಾನು. ಅವರು ಒಂದು ಸೂಟು ನೆಟ್ಟಗೆ ಇಡೋಕಾಗಲ್ವಾ?"

ಇಂಥವಳಿಗೆ ಸುಳ್ಳು ಹೇಳಿದೆನಲ್ಲ ಅನ್ನಿಸಿತು ಫ್ಯೂಸಣ್ಣನಿಗೆ. ಅಷ್ಟರಲ್ಲಿ ಅವಳು ಆಫೀಸರಿಗೆ ಫೋನ್ ಮಾಡಿಯೂ ಆಗಿತ್ತು. ಪುಸ್ತಕದ ಹಿಂದೆ ಅವರ ನಂಬರಿತ್ತಂತೆ. ಹತ್ತು ನಿಮಿಷದಲ್ಲಿ ಆಫೀಸರು ಸ್ಕೂಟರಿನಲ್ಲಿ ಬಂದಿಳಿದರು.

"ಮಿಂಚು ಹೊಡೆದದ್ದು ನಿಜವೇನಯ್ಯಾ?"

ಹೆಂಡತಿ ಇವನ ಮುಖವನ್ನೇ ನೋಡುತ್ತಿದ್ದಳು.

"ನಿಜ, ಸಾರ್."

"ಹಾಗಾದ್ರೆ ಇವತ್ತೇ ಕಣ್ಣು ತೋರಿಸ್ಬೇಕು. ರೂಲು ರೂಲೇ. ಸ್ಕೂಟರು ಹತ್ತು."

ಪಕ್ಕದ ಬೀದಿಯ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಹನಿ ಹಾಕಿ, ಟಾರ್ಚು ಬಿಟ್ಟು ನೋಡಿದರು. "ಕಣ್ಣು ಸೊಗಸಾಗಿದೆ. ಆದ್ರೆ ಈ ಹನಿ ಬಿದ್ಮೇಲೆ ಕಣ್ಣು ಬೆಳಕು ತಡೆಯಲ್ಲ. ನಾಳೆ ಬೆಳಗ್ಗೆವರೆಗೂ ಹೀಗೇ."

ಸ್ಟುಡಿಯೋಗೆ ವಾಪಸು ಬಂದಾಗ ಫೋಟೋದವನು ಬಾಗಿಲು ಹಾಕುವುದರಲ್ಲಿದ್ದ. ತೂತು ನೋಡಿ ನಕ್ಕ. "ಇದಕ್ಯಾಕೆ ತಲೆ ಕೆಡಿಸ್ಕೋತೀರಾ ಸಾರ್? ಪ್ಯಾಂಟಿನೊಳಗೆ ಸೇರಿಸ್ಬಿಡಿ. ಫೋಟೋದಲ್ಲಿ ಬರೋದು ಸೊಂಟದಿಂದ ಮೇಲೆ."

ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು.

ಫೋಟೋ ಚೆನ್ನಾಗಿ ಬಂತು. ಅಂಗಿಗೆ ಒಂದು ಸುಕ್ಕಿಲ್ಲ. ಹೆಂಡತಿ ಅದನ್ನು ಹಳೆಯ ಫೋಟೋದ ಪಕ್ಕದಲ್ಲೇ ತೂಗುಹಾಕಿದಳು. ಮುಂದಿನ ವಾರ ಬಂದ ಚಿಕ್ಕಮ್ಮ ಕನ್ನಡಕ ಏರಿಸಿ ಅದನ್ನು ನೋಡಿದರು, ಇದನ್ನು ನೋಡಿದರು.

"ಅಲ್ವೇ," ಅಂದರು, "ಅಳಿಯಂದ್ರು ಇನ್ನೂ ಎದ್ದಿಲ್ವಾ?"