ಹಿಂದಿನ ಬ್ರೇಕು

ಇದನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಒಂದು ನೆವ ಸಿಗುತ್ತಿತ್ತು. ಇವತ್ತು ಸಿಕ್ಕಿಲ್ಲ. ಶಲವಡಿಯ ಟೇಲರನಾದ ನನ್ನ ಗೆಳೆಯ ಇಡೀ ಜಿಲ್ಲೆಗೇ ತಿಕ್ಕಲು ಮನುಷ್ಯನಾಗಿದ್ದ. ಗುಡ್ಡವೇ ಇಲ್ಲದ ಊರಿನಲ್ಲಿ ಕೂತು, ಅರವತ್ತು ದಾಟಿದ ಮೇಲೆ, ಗುಡ್ಡ ಹತ್ತುವ ಸೈಕಲ್ ಓಟಕ್ಕೆ ಹೆಸರು ಕೊಟ್ಟವನನ್ನು ನೀವಾದರೂ ಏನೆಂದು ಕರೆಯುತ್ತೀರಿ?

ಓಟ ಕಲಘಟಗಿಯ ಆಚೆ, ಕಾಡಿನ ದಾರಿಯಲ್ಲಿ. ಹಳೆಯ ಸೈಕಲ್ಲುಗಳಿಗೆ ಮಾತ್ರ ಪ್ರವೇಶ; ಸವಾರನೂ ಹಳೆಯ ಕಾಲದ ಉಣ್ಣೆಯ ಅಂಗಿ ಹಾಕಿರಬೇಕು. ಹರೆಯದಲ್ಲಿ ಇವನು ಓಡಿಸಿದ, ಟಗರಿನ ಕೊಂಬಿನಂತೆ ಹ್ಯಾಂಡಲ್ ಬಾಗಿದ ರೇಸ್ ಸೈಕಲ್ಲು ಅಟ್ಟದ ಮೇಲಿತ್ತು. ಇಳಿಸಿದ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಏರಿಗೆ ಬೇಕಾದ ದೊಡ್ಡ ಫ್ರೀವೀಲಿಗಾಗಿ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಕೆದಕಿದ. ಯಾರದೋ ಸಫಾರಿ ಸೂಟಿನಲ್ಲಿ ಉಳಿದ ಬಟ್ಟೆಯಿಂದ ಸೀಟಿಗೆ ಕವರು ಹೊಲಿದ. ಉಣ್ಣೆಯ ಅಂಗಿಗೆ ಹೆಂಡತಿಯ ಸ್ವೆಟರನ್ನೇ ಕತ್ತರಿಸಿದ.

"ಚಳಿಗಾಲಕ್ಕ ನಾ ಏನ್ ಹಾಕ್ಕೊಳ್ಲಿ?" ಎಂದಳು ಆಕೆ.

"ಕಪ್ ಗೆದ್ದು ತರ್ತೀನಿ. ಅದನ್ನ ಹಾಕ್ಕೋ."

ಏರಿನ ತಾಲೀಮು? ನಮ್ಮಲ್ಲಿರುವ ಏರೆಂದರೆ ಕಾಲುವೆಯ ಸೇತುವೆ ಒಂದೇ. ಬೆಳಗಾದರೆ ಅದನ್ನು ಹತ್ತುವುದು, ಇಳಿಯುವುದು, ತಿರುಗಿ ಹತ್ತುವುದು. ಹೊಲಕ್ಕೆ ಹೊರಟ ಹೆಂಗಸೊಬ್ಬಳು ನಿಂತು ಕೇಳಿದಳು: "ಕಾಕಾ, ಏನರ ಕಳಕೊಂಡೀರೇನ್ರಿ?"

"ಹೌದವಾ, ಗುಡ್ಡ ಹುಡಕಾಕ ಹತ್ತೀನಿ."

ಇಲ್ಲಿಯವರೆಗೆ ನಗಬಹುದು. ನಾನೂ ನಗುತ್ತಿದ್ದೆ.

ನಮ್ಮ ಎರೆಭೂಮಿಯಲ್ಲಿ ಒಂದು ರೂಢಿಯಿದೆ. ಮಳೆಗಾಲದಲ್ಲಿ ಅಂಟುಮಣ್ಣು ಬ್ರೇಕಿನ ಸಂದಿಯಲ್ಲಿ ಹೊಕ್ಕು ಚಕ್ರ ತಿರುಗದಂತೆ ಮಾಡುತ್ತದೆ. ಆಗ ಬ್ರೇಕು ಸಡಿಲಿಸಿ, ಕಾಲೂರಿ ಸೈಕಲ್ ನಿಲ್ಲಿಸುತ್ತೇವೆ. ಸಪಾಟು ನೆಲ, ಯಾರಿಗೂ ಏನೂ ಆಗುವುದಿಲ್ಲ.

ಓಟದ ಹಿಂದಿನ ದಿನ ಮಿಶ್ರಿಕೋಟಿಯ ನನ್ನ ತಂಗಿಯ ಮನೆಯಲ್ಲಿ ಇಳಿದುಕೊಂಡೆವು. ಅವನು ಎರಡೂ ಬ್ರೇಕು ಹಿಡಿದು ನೋಡಿ, ಬಿಗಿದು, ನಮಾಜಿಗೆ ಹೋದ. ನನಗೆ ಒಮ್ಮೆಯೂ ಮುಟ್ಟಗೊಡದ ಆ ಸೈಕಲ್ಲನ್ನು ಹತ್ತಿ ನಾನು ಗದ್ದೆಯ ಕೆಸರಿಗೆ ಇಳಿಸಿದೆ. ಹಿಂದಿನ ಚಕ್ರ ಕಚ್ಚಿಕೊಂಡಿತು. ಕೈ ತನ್ನ ರೂಢಿಯಂತೆ ಬ್ರೇಕಿನ ವಾಯರು ಸಡಿಲಿಸಿತು. ಅವನು ಬರುವಷ್ಟರಲ್ಲಿ ಸೈಕಲ್ಲು ತೊಳೆದು ಗೋಡೆಗೆ ಒರಗಿಸಿದ್ದೆ. ವಾಯರು ಬಿಗಿಯುವುದು ಮರೆತಿದ್ದೆ.

ಬೆಳಿಗ್ಗೆ ಓಟ ಹೊರಡುವಲ್ಲಿ ನಿಂತವರಿಗೆಲ್ಲ ನನ್ನನ್ನು ತೋರಿಸಿ ಹೇಳಿದ: "ಇವ ನಮ್ಮ ದೋಸ್ತ. ಗಾಳಿ ಹೊಡಿಯೂದೊಂದು ಬರ್ತದ. ಅದೂ ಬಾಯಿಲೆ."

ಎಲ್ಲರೂ ನಕ್ಕರು. ನನಗೆ ವಾಯರು ನೆನಪಾದದ್ದು ಆಗಲೇ. ಬಾಯಿ ತೆರೆದೆ.

"ಏನಲೇ?"

"ಏನಿಲ್ಲ. ಹೋಗು."

ಮುಂದಿನ ಬ್ರೇಕು ಇದೆಯಲ್ಲ ಎಂದುಕೊಂಡೆ. ಸಿಟ್ಟಿನಲ್ಲಿದ್ದವನಿಗೆ ಅಷ್ಟು ಸಮಾಧಾನ ಸಾಕಾಗಿತ್ತು.

ಏರನ್ನು ಅವನು ಹತ್ತಿದ, ಅದೂ ಹಾಡುತ್ತ. ಇಳಿಜಾರಿನ ತಿರುವಿನಲ್ಲಿ ಬಿದ್ದ. ಭುಜದ ಮೂಳೆ ಮುರಿಯಿತು, ಕೂಡಿಕೊಂಡಿತು ಕೂಡ. ಮುರಿದದ್ದು ಬೇರೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಸೂರು ನೋಡುತ್ತ ಅಂದ: "ವಾಯರ್ ಬಿಗದಿದ್ದೆ ಅನಸ್ತದ. ಇಲ್ಲ, ಮರತಿರಬೇಕು. ತಲಿ ಹೊಂಟದಲೇ ನಂದು."

ನಾನು ಹೇಳಿದ್ದು ಇಷ್ಟೇ: "ವಯಸ್ಸಾತಲಾ."

ಊರಿಗೆ ಬಂದವನೇ, ಹೊಲಿಯಲು ಕೊಟ್ಟವರ ಬಟ್ಟೆಗಳನ್ನೆಲ್ಲ ತಿರುಗಿ ಕೊಟ್ಟ. "ನನ್ನ ಕೈ ನಂಬಬ್ಯಾಡ್ರಿ" ಎಂದ. ಮಷೀನಿಗೆ ಹಳೆಯ ದುಪ್ಪಟಿ ಹೊದಿಸಿದ. ಬಾಗಿಲಿಗೆ ಕೀಲಿ ಹಾಕಿ, "ಹಾಕೀನಿಲ್ಲೋ ನೋಡು" ಎಂದು ಹೆಂಡತಿಯನ್ನು ಕರೆಯತೊಡಗಿದ. ಓಣಿಯವರು ನಕ್ಕರು. ಅವರ ಜೊತೆ ನಾನೂ ನಕ್ಕೆ.

ಕೊನೆಯ ಸಲ ಹೋದಾಗ ನನ್ನ ಅಂಗಿಯ ಕಿಸೆ ಹರಿದಿತ್ತು. ನೋಡಿದ. ಆಮೇಲೆ ಸೂಜಿ ತಂದು, ಅಂಗಿ ನನ್ನ ಮೈಮೇಲಿರುವಂತೆಯೇ ಕೈಹೊಲಿಗೆ ಹಾಕಿದ.

"ಎಳದು ನೋಡು. ಬಿಟ್ಟೀತು."

ಎಳೆದೆ. "ಗಟ್ಟಿ ಐತಿ."

"ಇನ್ನೊಮ್ಮೆ ಎಳಿ."

ಎಳೆದೆ. "ಗಟ್ಟಿ ಐತಿ ಮಾರಾಯಾ."

"ನೀ ಅಂದ್ರ ಖರೇ ಇರಬೇಕು," ಎಂದ. "ನಿನ್ನ ತಲಿ ಇನ್ನೂ ಛಲೋ ಐತಿ."

ಅವತ್ತೂ ಹೇಳಲಿಲ್ಲ. ಅವನು ತೀರಿಕೊಂಡ ದಿನ ಮಣ್ಣಿಗೆ ಹೋದಾಗ ಎಲ್ಲರಂತೆ ನಾನೂ ಒಂದು ಹಿಡಿ ಹಾಕಿ ಬಂದೆ. ನೀನು ಏನನ್ನೂ ಮರೆತಿರಲಿಲ್ಲ. ಆ ವಾಯರು ಸಡಿಲಿಸಿದವನು ನಾನು, ಮಕ್ತುಮಸಾಬ.