ಮೆಟ್ಟಿಲ ಕೆಳಗಿನ ರಿಯಾಕ್ಟರು

ಸಿನಿಮಾದಲ್ಲಿ ಹದಿನೈದು ವರ್ಷದ ಹುಡುಗ ಏನಾದರೂ ಕಂಡುಹಿಡಿದ ಅಂದರೆ ಸಾಕು, ಇಲ್ಲಿ ಗವಿಪುರದಲ್ಲಿ ನನಗೆ ಒಂದು ವಾರ ಬೈಗುಳ ಗ್ಯಾರಂಟಿ. ಅವನು ಒಳ್ಳೇದು ಕಂಡುಹಿಡಿದರೆ ‘ನೀನೂ ಇದೀಯ ದಂಡಕ್ಕೆ’ ಅಂತಾರೆ. ಕೆಟ್ಟದ್ದು ಕಂಡುಹಿಡಿದರೆ ‘ನೀನೂ ಇಂಥದ್ದೇ ಏನೋ ಮಾಡ್ತಿರಬೇಕು’ ಅಂತಾರೆ. ಹೇಗೆ ಬಿದ್ದರೂ ಏಟು ನನಗೇ. ಈ ವರ್ಷ ಒಂದೇ ಒಂದು ಸಿನಿಮಾದಿಂದ ನನಗಾದ ಅನ್ಯಾಯವನ್ನ ಬರೆದಿಡ್ತಿದೀನಿ, ಓದಿ ನೀವೇ ಹೇಳಿ.

ನನಗೆ ಹದಿನೇಳು. ಎಸೆಸೆಲ್ಸಿಯಲ್ಲಿ ಐದು ಸಬ್ಜೆಕ್ಟು ಪಾಸು. ಗಣಿತ ಮಾತ್ರ ನನ್ನ ಬಿಟ್ಟಿರೋಕಾಗದೆ ಎರಡು ಸಲ ಉಳಿಸಿಕೊಂಡಿದೆ. ನಾಲ್ಕು ಮನೆಯ ವಠಾರದಲ್ಲಿ ನಾನೂ ಅಮ್ಮನೂ ಒಂದು ಮನೆ. ಅಮ್ಮ ಬ್ಲೌಸ್ ಹೊಲೀತಾಳೆ. ನಾನು ಮೆಟ್ಟಿಲ ಕೆಳಗೆ ಒಂದು ಹಳೇ ಬಾಗಿಲನ್ನ ಅಡ್ಡ ಹಾಕಿಕೊಂಡು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡ್ತೀನಿ. ಮೆಟ್ಟಿಲೂ ಅದರ ಕೆಳಗಿನ ಜಾಗವೂ ಮಹಡಿ ಮೇಲಿರೋ ಓನರ್ ಸಾರ್‌ದು. ಈ ಕಥೆಯೆಲ್ಲಾ ಇರೋದು ಆ ಜಾಗದಲ್ಲೇ.

ಕರೆಂಟು ತೆಗೆದ ಹುಡುಗ

ಓನರ್ ಸಾರ್‌ನ ಅವರ ಮೊಮ್ಮಕ್ಕಳು ಸಂಪಿಗೆ ರಸ್ತೆಯ ಮಾಲಿಗೆ ಕರಕೊಂಡು ಹೋಗಿ ಆ ಸಿನಿಮಾ ತೋರಿಸಿದ್ದರು. ಮಾರನೇ ದಿನ ಬೆಳಿಗ್ಗೆನೇ ಸಾರ್ ಟಾರ್ಚ್ ಹಿಡ್ಕೊಂಡು ಮೆಟ್ಟಿಲ ಕೆಳಗೆ ಬಗ್ಗಿದರು. ನಾನು ಯಾರದೋ ಫ್ಯಾನು ಬಿಚ್ಚಿಕೊಂಡು ಕೂತಿದ್ದೆ. ನಿಂತಲ್ಲೇ ಇಡೀ ಕಥೆ ಹೇಳಿದರು. ಹುಡುಗನೊಬ್ಬ ಟೆರೇಸಿನ ಮೇಲೆ ಕೂತು ಒಂದು ಯಂತ್ರ ಮಾಡ್ತಾನೆ, ಅದು ವಿಲನ್ ಕೈಗೆ ಸಿಗುತ್ತೆ, ಊರಿಗೆ ಊರೇ ಕತ್ತಲೆ, ಕೊನೆಗೆ ಅದೇ ಹುಡುಗ ಒಂದು ಸೆಕೆಂಡ್ ಇರೋವಾಗ ವೈರ್ ಕತ್ತರಿಸಿ ಎಲ್ಲರನ್ನೂ ಉಳಿಸ್ತಾನೆ.

ಅಲ್ಲ, ನನಗೆ ಮೈ ಉರಿದಿದ್ದು ಇಲ್ಲೇ. ಯಂತ್ರ ಮಾಡಿದವನೂ ಅವನೇ, ನಿಲ್ಲಿಸಿದವನೂ ಅವನೇ, ಕೊನೆಗೆ ಹಾರ ಹಾಕಿಸಿಕೊಂಡವನೂ ಅವನೇ. ಆಮೇಲೆ ನಾನೂ ನೋಡಿದೆ. ಒಂದು ಸಲಾನೂ ಅವನ ಕೈಯಿಂದ ಸ್ಕ್ರೂ ಬಿದ್ದು ಉರುಳಿ ಮಾಯ ಆಗಲ್ಲ. ಸಾಲ್ಡರಿಂಗ್ ಐರನ್ ಅವನ ಬೆರಳು ಸುಡಲ್ಲ. ಅವನು ಉಪಗ್ರಹಕ್ಕೆ ಕನೆಕ್ಷನ್ ಕೊಡ್ತಿರೋವಾಗ ಅವನಮ್ಮ ‘ಸಿಲಿಂಡರ್ ಬಂತು, ಬಂದು ಎತ್ತಿಡೋ’ ಅಂತ ಕೂಗಲ್ಲ. ಹಂಗೆ ಬಿಟ್ಟರೆ ನಾನೂ ಏನೇನೋ ಮಾಡ್ತಿದ್ದೆ.

ಸಾರ್ ಮಾತ್ರ ನನ್ನ ಮುಖಕ್ಕೇ ಟಾರ್ಚ್ ಬಿಟ್ಟು ಹೇಳಿದರು, “ನಿನಗಿಂತ ಎರಡು ವರ್ಷ ಚಿಕ್ಕೋನು ಕಣೋ ಅವನು. ಇಡೀ ಊರಿನ ಕರೆಂಟೇ ತೆಗೆದುಬಿಟ್ಟ.”

“ಸಾರ್, ಹೋದ ತಿಂಗಳು ನಾನು ನಮ್ಮ ವಠಾರದ್ದು ತೆಗೆದಾಗ ಬೈದ್ರಲ್ಲ?” ಅಂದೆ.

ಚಟ್ನಿ ಜಾರಿನ ಪ್ಲಾಸ್ಮಾ

ಎರಡು ದಿನ ಬಿಟ್ಟು ಸಾರ್ ಮತ್ತೆ ಬಂದರು. ಈ ಸಲ ಹೊಗಳೋ ಮುಖ ಇರಲಿಲ್ಲ, ಅನುಮಾನದ ಮುಖ. ಫ್ಯಾನಿನ ಕಂಡೆನ್ಸರ್ ತೋರಿಸಿ ಅದೇನು ಅಂತ ಕೇಳಿದರು. ಕಂಡೆನ್ಸರ್ ಅಂದಿದ್ದರೆ ಮುಗೀತಿತ್ತು. ಆದರೆ ಎದುರಿಗಿರೋರು ಹೆದರೋಕೆ ರೆಡಿಯಾಗಿ ನಿಂತಿದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳಲ್ಲ. ದನಿ ಇಳಿಸಿ, “ಮುಟ್ಟಬೇಡಿ ಸಾರ್, ರಿಯಾಕ್ಟರ್ ಕೋರ್” ಅಂದೆ.

ಸಾರ್ ಒಂದು ಹೆಜ್ಜೆ ಹಿಂದೆ ಹೋದರು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಕೆಟ್ಟುಹೋದ ಹೇರ್ ಡ್ರೈಯರ್ ತೋರಿಸಿ ಕೂಲಿಂಗ್ ಸಿಸ್ಟಮ್ ಅಂದೆ. ಚಟ್ನಿ ಜಾರ್ ತೋರಿಸಿ, ಇದರಲ್ಲಿ ನಿನ್ನೆವರೆಗೂ ಪ್ಲಾಸ್ಮಾ ಇತ್ತು ಸಾರ್, ಈಗಿಲ್ಲ ಅಂದೆ. ಎಲ್ಲಿ ಹೋಯ್ತು ಅಂತ ಕೇಳಿದರು. ಅದೇ ಸಾರ್ ಗೊತ್ತಾಗ್ತಿಲ್ಲ ಅಂದೆ.

ಸಾಯಂಕಾಲ ಸಾರ್ ನಮ್ಮ ಮನೆಗೆ ಬಂದರು. ಕೂರಲಿಲ್ಲ, ಕಾಫಿ ಬೇಡ ಅಂದರು. ತಿಂಗಳ ಕೊನೇ ಶನಿವಾರದೊಳಗೆ ಮೆಟ್ಟಿಲ ಕೆಳಗಿನ ಜಾಗ ಖಾಲಿ ಆಗಬೇಕು ಅಂತ ಅಮ್ಮನಿಗೆ ಹೇಳಿದರು. ಅಮ್ಮ ಕೈಮುಗಿದಳು. ಅವನು ತರ್ಲೆ ಸಾರ್, ಬಾಯಿಗೆ ಬಂದಿದ್ದು ಹೇಳ್ತಾನೆ, ಅದು ಬರೀ ಚಟ್ನಿ ಜಾರು ಅಂದಳು. ಸಿನಿಮಾದಲ್ಲಿ ಆ ಹುಡುಗನ ತಾಯಿನೂ ಹಿಂಗೇ ಹೇಳ್ತಾಳೆ ಅಂತ ಸಾರ್ ಹೊರಟುಹೋದರು.

ಜಾಗ ಹೋದರೆ ನಾನು ಎಲ್ಲಿಗೆ ಹೋಗಬೇಕು ಅನ್ನೋದು ಅಮ್ಮ ಅವತ್ತೇ ತೀರ್ಮಾನ ಮಾಡಿದಳು. ನನ್ನ ಸೋದರಮಾವ ಮದುವೆ ಮನೆಗಳಿಗೆ ಅಡುಗೆ ಕಂಟ್ರಾಕ್ಟರು. ಅವನ ಗುಂಪಿಗೆ ಸೇರಿದವರು ಮೊದಲ ಎರಡು ವರ್ಷ ತೆಂಗಿನಕಾಯಿ ತುರೀತಾರೆ. ಒಂದು ಮದುವೆಗೆ ಇನ್ನೂರು ಕಾಯಿ. ಮಾವ ಮಾತಾಡಲ್ಲ, ಕಾಯಿ ಎಸೀತಾನೆ. ಸ್ಕ್ರೂಡ್ರೈವರ್ ಹಿಡಿಯೋ ಕೈಯಮ್ಮ ಇದು ಅಂತ ಗೋಗರೆದೆ.

ಅಮ್ಮ ಸೂಜಿಗೆ ದಾರ ಪೋಣಿಸ್ತಾ ಅಂದಳು, “ಅಲ್ಲಿ ತುರಿಯೋ ಮಣೆಯನ್ನ ರಿಯಾಕ್ಟರ್ ಅಂತಾದ್ರೂ ಕರಿ, ರಾಕೆಟ್ ಅಂತಾದ್ರೂ ಕರಿ. ಯಾರೂ ಹೆದರಲ್ಲ.”

ಅಜ್ಜಿಯ ಸಾಕ್ಷಿ

ಓನರ್ ಸಾರ್‌ನ ಹೆಂಡತಿಯನ್ನ ವಠಾರದಲ್ಲೆಲ್ಲಾ ಅಜ್ಜಿ ಅಂತಲೇ ಕರೆಯೋದು. ಮಾರನೇ ದಿನ ಸಾರ್ ಪಾರ್ಕಿಗೆ ವಾಕಿಂಗ್ ಹೋದ ಹೊತ್ತಲ್ಲಿ, ಅಜ್ಜಿ ತಮ್ಮ ಮಿಕ್ಸಿಯನ್ನ ಬಟ್ಟೆ ಚೀಲದಲ್ಲಿ ಮುಚ್ಚಿಕೊಂಡು ಇಳಿದು ಬಂದರು. ಜಾರ್ ತಿರುಗಿಸೋ ಕೆಳಗಿನ ಕಪ್ಲರ್ ಸವೆದಿತ್ತು. ಹತ್ತು ನಿಮಿಷದಲ್ಲಿ ಹಾಕಿಕೊಟ್ಟೆ. ದುಡ್ಡು ಬೇಡ ಅಜ್ಜಿ, ಸಾರ್ ಹತ್ತಿರ ನನ್ನ ಪರ ಒಂದು ಮಾತು ಹೇಳಿ ಸಾಕು ಅಂದೆ. ನಾನ್ಯಾಕಪ್ಪಾ ಹೇಳಲಿ, ಚಟ್ನಿನೇ ಹೇಳುತ್ತೆ ಅಂತ ಧೈರ್ಯ ಕೊಟ್ಟು ಹೋದರು.

ನಾನು ಕೆಳಗೆ ಕಿವಿ ಇಟ್ಟುಕೊಂಡು ಕೂತೆ. ಮಿಕ್ಸಿ ತಿರುಗಿತು. ಸಾರ್ ವಾಪಸ್ ಬಂದರು, ತಿಂಡಿ ಆಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ತಟ್ಟೇಲಿ ಎರಡು ದೋಸೆ ಹಿಡ್ಕೊಂಡು ಬಂದರು, ಮುಖ ಮಾತ್ರ ಸಪ್ಪಗಿತ್ತು. ಸಾರ್ ನಾಲ್ಕು ದೋಸೆ ತಿಂದು, ಒರಳಲ್ಲಿ ರುಬ್ಬಿದ ಚಟ್ನಿ ತಾನೇ, ಮಷಿನ್ ಇಲ್ಲದಿದ್ದರೆ ರುಚಿನೇ ಬೇರೆ ಅಂದರಂತೆ.

ಮಿಕ್ಸಿ ಅಂತ ಹೇಳಬೇಕಿತ್ತಲ್ಲ ಅಜ್ಜಿ ಅಂತ ಕೇಳಿದೆ.

“ಹೇಳೋಣ ಅಂತಲೇ ಬಾಯಿ ತೆಗೆದೆ ಕಣೋ. ಅಷ್ಟರಲ್ಲಿ, ಪಾಪ ಸೊಂಟ ನೋವಲ್ಲೂ ರುಬ್ಬಿದೀಯ ಅಂತ ಅವರೇ ಪಾತ್ರೆ ತೊಳೆಯೋಕೆ ಎದ್ದುಬಿಟ್ರು. ಐವತ್ತು ವರ್ಷದಲ್ಲಿ ಮೊದಲನೇ ಸಲ. ಇನ್ನೆಲ್ಲಿ ನಿಜ ಹೇಳ್ಲಪ್ಪಾ?”

ಎಲ್ಲಿಗೂ ಹೋಗದ ವೈರುಗಳು

ಚಾಮರಾಜಪೇಟೆಯ ರೂಮಿಂದ ಒಬ್ಬ ಅಣ್ಣ ಟೇಬಲ್ ಫ್ಯಾನ್ ರಿಪೇರಿಗೆ ತಂದ. ಗಾಂಧಿನಗರದಲ್ಲಿ ಯಾವುದೋ ಸಿನಿಮಾ ಆಫೀಸಲ್ಲಿ ಆರ್ಟ್ ಡಿಪಾರ್ಟ್‌ಮೆಂಟಿನ ಕೆಲಸ. ನನ್ನ ಮೆಟ್ಟಿಲ ಕೆಳಗಿನ ಜಾಗ ನೋಡಿ ಫೋಟೋ ಹೊಡೆದುಕೊಂಡ. ಇವರದ್ದೂ ಹದಿನೈದು ವರ್ಷದ ವಿಜ್ಞಾನಿಯ ಸಿನಿಮಾನೇ. ಇನ್ನೊಬ್ಬ ಬಂದನಲ್ಲಪ್ಪಾ ಅಂತ ಹೊಟ್ಟೆ ಉರೀತು. ಆ ಹದಿನೈದು ವರ್ಷದ ಪಾರ್ಟು ಮಾಡೋರಿಗೆ ನಿಜವಾಗಿ ಎಷ್ಟು ವಯಸ್ಸು ಅಂತ ಕೇಳಿದೆ. ಇಪ್ಪತ್ತೊಂಬತ್ತು, ಮೀಸೆ ತೆಗೀತಾರೆ ಅಂದ. ಹದಿನೇಳರವನು ಇಲ್ಲೇ ಕೂತಿದೀನಲ್ಲಣ್ಣ ಅಂದೆ. ನನ್ನನ್ನ ಮೇಲಿಂದ ಕೆಳಗೆ ನೋಡಿ, “ನಿನ್ನ ಮುಖದಲ್ಲಿ ವಿಜ್ಞಾನ ಇಲ್ಲ ಗುರು” ಅಂದುಬಿಟ್ಟ.

ಆದರೆ ಕೆಲಸ ಕೊಟ್ಟ. ಹುಡುಗ ಮಾಡೋ ಅಪಾಯದ ಯಂತ್ರ ನಾನೇ ಮಾಡಿಕೊಡಬೇಕು. ಅದು ಓಕೆ ಆದರೆ ಎರಡು ಸೀನ್ ಇಲ್ಲೇ ಮೆಟ್ಟಿಲ ಕೆಳಗೆ ತೆಗೀತೀವಿ ಅಂದ. ನನಗೆ ಅದೇ ಬೇಕಿತ್ತು. ಕ್ಯಾಮೆರಾ ಬಂದ ಜಾಗವನ್ನ ಯಾವ ಓನರೂ ಖಾಲಿ ಮಾಡಿಸಲ್ಲ. ಅವನು ಯಂತ್ರ ನೋಡೋಕೆ ಬರ್ತೀನಿ ಅಂದಿದ್ದೂ ಅದೇ ಕೊನೇ ಶನಿವಾರ, ಹನ್ನೊಂದು ಗಂಟೆಗೆ.

ಯಂತ್ರ ಏನು ಮಾಡುತ್ತೆ ಅಂತ ಕೇಳಿದರೆ, ಅದಿನ್ನೂ ಡಿಸ್ಕಶನ್ನಲ್ಲಿದೆ, ಕೆಂಪು ಅಂಕಿ ಇಳೀತಾ ಬರಬೇಕು ಅಷ್ಟೇ ಅಂದ. ಗುಟ್ಟಾಗಿ ಯಂತ್ರ ಮಾಡೋನು, ಎಷ್ಟು ನಿಮಿಷ ಉಳಿದಿದೆ ಅಂತ ಊರಿಗೆಲ್ಲಾ ಕಾಣೋ ಹಂಗೆ ಯಾಕಣ್ಣ ಬರೀತಾನೆ ಅಂದೆ. ಅವನು ಒಳ್ಳೇ ಹುಡುಗ ಗುರು, ಅದಕ್ಕೆ ಅಂದ.

ನಾಲ್ಕು ದಿನ ಕೂತು ಮಾಡಿದೆ. ಹಳೇ ವೆಟ್ ಗ್ರೈಂಡರಿನ ಡ್ರಮ್ಮು, ಅದರ ಸುತ್ತ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು, ಮೇಲೆ ಜಿಮ್ಮಿನವರು ರಿಪೇರಿಗೆ ಕೊಟ್ಟು ಮರೆತ ಟೈಮರು. ಒಂದು ಕೆಂಪು ವೈರು, ಒಂದು ನೀಲಿ. ಎರಡೂ ಎಲ್ಲಿಗೂ ಹೋಗಲ್ಲ. ದೊಡ್ಡ ಸಿನಿಮಾಗಳಲ್ಲೂ ಎಲ್ಲಿಗೂ ಹೋಗಲ್ಲ, ನಿಲ್ಲಿಸಿ ನಿಲ್ಲಿಸಿ ನೋಡಿದೀನಿ.

ಶನಿವಾರ, ಒಂಬತ್ತರಿಂದ ಹತ್ತೂವರೆ

ಶನಿವಾರ ಹತ್ತು ಗಂಟೆಗೆ, ಅಂಕಿ ಸರಿಯಾಗಿ ಸೊನ್ನೆಗೆ ಇಳಿಯುತ್ತಾ ನೋಡೋಣ ಅಂತ ಇಪ್ಪತ್ತೈದು ನಿಮಿಷಕ್ಕೆ ಇಟ್ಟು ಆನ್ ಮಾಡಿದೆ. ಅಷ್ಟರಲ್ಲಿ ಅಮ್ಮ ಕರಿಬೇವು ತಗೊಂಬಾ ಅಂದಳು. ಹೋದೆ.

ಆ ಹೊತ್ತಿಗೇ ಓನರ್ ಸಾರ್, ಜಾಗ ಖಾಲಿ ಆಗಿದೆಯಾ ನೋಡೋಕೆ ಇಳಿದಿದಾರೆ. ಡ್ರಮ್ಮು ನೋಡಿದಾರೆ, ಮಿಣುಕೋ ದೀಪ ನೋಡಿದಾರೆ, ಕೆಂಪು ಅಂಕಿ ನೋಡಿದಾರೆ. ಬಾಂಬು ಅಂತ ಕೂಗಿ ಎಲ್ಲರನ್ನೂ ಎಬ್ಬಿಸಿದಾರೆ. ಉಳಿದ ಎರಡು ಮನೆಗೆ ಬೀಗ ಇತ್ತು. ಅಜ್ಜಿ ಬೆಳ್ಳಿ ದೀಪಾನೂ ಕಾಫಿ ಫಿಲ್ಟರನ್ನೂ ಎತ್ತಿಕೊಂಡು ಬಂದರಂತೆ, ಅಮ್ಮ ಕೊರಳಲ್ಲಿ ಟೇಪ್ ನೇತುಹಾಕಿಕೊಂಡೇ ಬಂದಳಂತೆ. ಮೂವರೂ ಗೇಟಿನವರೆಗೆ ಓಡಿದರು. ಸಾರ್ ಒಂದು ಕಾಲು ಎತ್ತಿದರು. ಆಗ ಅಜ್ಜಿ, ಟೈಮೆಷ್ಟು ನೋಡ್ರೀ ಅಂದರು.

ಎತ್ತಿದ ಕಾಲನ್ನ ಸಾರ್ ಒಳಗೇ ಇಟ್ಟರು.

ನಾನು ಕರಿಬೇವು ಹಿಡ್ಕೊಂಡು ವಾಪಸ್ ಬಂದರೆ, ಮೂವರೂ ಚಪ್ಪಲಿ ಹಾಕಿಕೊಂಡು ಗೇಟಿನೊಳಗೆ ಸಾಲಾಗಿ ನಿಂತಿದಾರೆ. ಎಲ್ಲಿಗೆ ಹೊರಟ್ರಿ ಸಾರ್ ಅಂತ ಕೇಳಿದೆ. ಸಾರ್ ಬೆವರು ಒರೆಸಿಕೊಂಡು ಲೆಕ್ಕ ಹೇಳಿದರು. ಬಾಂಬು ಸಿಡಿಯೋದು ಹತ್ತು ಇಪ್ಪತ್ತೈದಕ್ಕೆ. ರಾಹುಕಾಲ ಮುಗಿಯೋದು ಹತ್ತೂವರೆಗೆ. ಐದು ನಿಮಿಷ ಸಾಲದು.

ಬಾಂಬಲ್ಲ ಸಾರ್, ಗ್ರೈಂಡರು ಅಂದೆ. ಕೇಳೋ ಸ್ಥಿತಿಯಲ್ಲಿರಲಿಲ್ಲ.

“ಬಾಂಬ್ ಇಡೋನು ಒಂಬತ್ತಕ್ಕೆ ಮುಂಚೆ ಒಂದು ಮಾತು ಹೇಳಬಾರದೇನೋ? ಒಳ್ಳೇ ಹೊತ್ತಲ್ಲೇ ಹೊರಟ ಲೆಕ್ಕಕ್ಕೆ, ಪ್ರಸ್ಥಾನ ಅಂತ ಒಂದು ಚೊಂಬಾದ್ರೂ ಪಕ್ಕದ ಮನೇಲಿ ಇಟ್ಟಿರ್ತಿದ್ವಿ. ಈಗ ಹೊರಟಂಗೂ ಇಲ್ಲ, ಇದ್ದಂಗೂ ಇಲ್ಲ.”

ನಾನೇ ಹೋಗಿ ಆರಿಸ್ತೀನಿ ಅಂದೆ. ಮುಟ್ಟಬೇಡ, ರಾಹುಕಾಲದಲ್ಲಿ ವೈರ್ ಕತ್ತರಿಸೋಕೆ ಹೋದರೆ ಕೈಗೆ ಸಿಗೋದು ತಪ್ಪು ವೈರೇ ಅಂದರು. ವೈರಲ್ಲ ಸಾರ್, ಸ್ವಿಚ್ಚಿದೆ ಅಂದೆ. ಯಾವ ಬಾಂಬಿಗೋ ಸ್ವಿಚ್ಚಿರುತ್ತೆ ಅಂತ ಬೈದರು. ನಾಲ್ಕು ನಿಮಿಷ ಉಳಿದಿತ್ತು. ಆಗ ಅಜ್ಜಿ ಮೆಲ್ಲಗೆ ಕೇಳಿದರು.

“ಮಗೂ, ಅದನ್ನ ಒಂದು ಹತ್ತು ನಿಮಿಷ ಮುಂದಕ್ಕೆ ಹಾಕೋಕಾಗುತ್ತಾ?”

ಜಿಮ್ಮಿನ ಟೈಮರು. ಒಂದು ಗುಂಡಿ ಒತ್ತಿದರೆ ಹತ್ತು ನಿಮಿಷ ಜಾಸ್ತಿ. ಹೋಗಿ ಒತ್ತಿಬಂದೆ. ಸಾರ್ ಉಸಿರು ಬಿಟ್ಟರು. ಅಮ್ಮ ಮೆಟ್ಟಿಲ ಮೇಲೆ ಕೂತು ಕರಿಬೇವು ಬಿಡಿಸಿದಳು. ಹೇಗೂ ಟೈಮಿದೆಯಲ್ಲ ಅಂತ ಅಜ್ಜಿ ಮೇಲೆ ಹೋಗಿ ಹಾಲಿನ ಒಲೆ ಆರಿಸಿ ಬಂದರು. ಹತ್ತೂ ಮೂವತ್ತೊಂದಕ್ಕೆ ಮೂವರೂ ಬಲಗಾಲಿಟ್ಟು ಆಚೆ ಬಂದು ಎದುರು ಫುಟ್‌ಪಾತಿನ ಮೇಲೆ ನಿಂತರು. ಹತ್ತೂ ಮೂವತ್ತೈದಕ್ಕೆ ಅಂಕಿ ಸೊನ್ನೆಗೆ ಬಂತು. ಮೂರು ಸಲ ಕುಂಯ್ ಅಂತು, ಸೀರಿಯಲ್ ಸೆಟ್ಟು ಒಂದು ಸುತ್ತು ಓಡಿತು, ಮುಗೀತು. ಆದರೂ ಸಾರ್ ಒಳಗೆ ಬರಲಿಲ್ಲ.

ಹನ್ನೊಂದಕ್ಕೆ ಆರ್ಟ್ ಅಣ್ಣ ಬಂದ. ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತಲೆ ಅಲ್ಲಾಡಿಸಿದ.

“ಕೆಲಸ ನೀಟಾಗಿದೆ ಗುರು. ಆದ್ರೆ ಭಯ ಇಲ್ಲ. ಇದನ್ನ ನೋಡಿ ಯಾರು ಹೆದರ್ತಾರೆ?”

ನನಗೆ ಕಣ್ಣ ಮುಂದೆ ಇನ್ನೂರು ತೆಂಗಿನಕಾಯಿ ಬಂದವು. ಅಷ್ಟರಲ್ಲಿ ರಸ್ತೆ ದಾಟಿಕೊಂಡು ಓನರ್ ಸಾರ್ ಬಂದರು. ಮುಖ ಕೆಂಪಗಾಗಿತ್ತು.

“ಯಾರ್ರೀ ಅದು, ಯಾರೂ ಹೆದರಲ್ಲ ಅಂದಿದ್ದು? ಮೂವತ್ತೈದು ವರ್ಷ ಆಡಿಟ್ ಮಾಡಿದೋನು ನಾನು, ಸುಮ್ಮಸುಮ್ಮನೆ ಹೆದರೋನಲ್ಲ. ನಾನು ಹೆದರಿದೀನಿ ಅಂದ್ರೆ ಅದು ಸರಿಯಾದ ಬಾಂಬೇ.”

ಗ್ರೈಂಡರ್ ಡ್ರಮ್ಮು ಸಾರ್ ಇದು ಅಂತ ಅಣ್ಣ ತಟ್ಟಿ ತೋರಿಸಿದ. ಸಾರ್ ಬಗ್ಗಲಿಲ್ಲ. ಗ್ರೈಂಡರೇ ಇರಲಿ, ನಮ್ಮ ವಠಾರದ ಹುಡುಗ ಮಾಡಿದ್ದರಲ್ಲಿ ಭಯ ಕಮ್ಮಿ ಅಂತ ಗಾಂಧಿನಗರದೋರು ಬಂದು ಹೇಳೋದು ಬೇಡ ಅಂದರು. ಅಣ್ಣ ಫ್ಯಾನ್ ಎತ್ತಿಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಿಲ್ಲ. ಕ್ಯಾಮೆರಾನೂ ಬರಲಿಲ್ಲ.

ನಾನು ಸುಮ್ಮನೆ ಡಬ್ಬಗಳಿಗೆ ಸ್ಕ್ರೂ ತುಂಬೋಕೆ ಶುರು ಮಾಡಿದೆ. ಏನೋ ಮಾಡ್ತಿದೀಯ ಅಂತ ಸಾರ್ ಕೇಳಿದರು. ಖಾಲಿ ಮಾಡ್ತಿದೀನಿ ಸಾರ್, ಇವತ್ತೇ ಕೊನೇ ಶನಿವಾರ ಅಂದೆ. ಸಿನಿಮಾ ಹುಡುಗ ವೈರ್ ಕತ್ತರಿಸಿದ ಅಷ್ಟೇ, ಹಿರಿಯರ ಮಾತು ಕೇಳಿ ಟೈಮ್ ಮುಂದಕ್ಕೆ ಹಾಕಲಿಲ್ಲ ಅಂತ ಸಾರ್ ಏನೋ ಗೊಣಗಿಕೊಂಡು ಮೇಲೆ ಹೋದರು. ವಾಪಸ್ ಬರೋವಾಗ ಕೈಯಲ್ಲಿ ಸುತ್ತಿಗೆ, ಮೊಳೆ, ಪಂಚಾಂಗದ ಕ್ಯಾಲೆಂಡರು. ನನ್ನ ತಲೆ ಮೇಲೆ ಅದನ್ನ ನೇತುಹಾಕಿ, ಜಾಗದಲ್ಲಿ ಇರು, ಆದರೆ ಒಂದೇ ಒಂದು ಕಂಡೀಷನ್ ಅಂದರು.

“ಏನಾದ್ರೂ ಸಿಡಿಸೋದಿದ್ರೆ ಗುಳಿಕಕಾಲದಲ್ಲಿ ಮಾತ್ರ ಸಿಡಿಸಬೇಡ ಕಣೋ. ಗುಳಿಕದಲ್ಲಿ ಆಗಿದ್ದು ಮತ್ತೆ ಮತ್ತೆ ಆಗುತ್ತೆ.”