ಹಿಟ್ಟಿಗೆ ಕೌದಿ ಹೊಚ್ಚಿದ ಮಾವ

ನಮ್ಮ ಸೋದರಮಾವ ನಾದಿದ ಮೈದಾಹಿಟ್ಟಿಗೆ ಬಹುವಚನ ಹಚ್ಚಿ ಮಾತಾಡುತ್ತಾರೆ. ನನ್ನನ್ನು ಇವತ್ತಿಗೂ ‘ಏ ಹುಚ್ಚಿ’ ಎಂದು ಕರೆಯುವ ಈ ಮನುಷ್ಯ, ಬೋಗಣಿಯ ಮುಚ್ಚಳ ಸರಿಸಿ ‘ಏಳ್ರಿ, ಹೊತ್ತಾಗ್ಯಾದ’ ಎನ್ನುತ್ತಾರೆ. ನಂಬುವುದಿಲ್ಲ ಅಲ್ಲವೇ? ಕಿವಿಯಾರೆ ಕೇಳುವ ತನಕ ನಾನೂ ನಂಬಿರಲಿಲ್ಲ!

ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತಿಯ ನಂತರ ವಾಡಿಯಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಕ್ವಾರ್ಟರ್ಸಿನ ಕಾಲದಿಂದಲೂ ಅವರ ನೆರೆಯವರು ಒಬ್ಬ ಕ್ರೈಸ್ತ ಶಿಕ್ಷಕಿ; ಮನೆಗಳನ್ನೂ ಅಕ್ಕಪಕ್ಕದಲ್ಲೇ ಕಟ್ಟಿಸಿಕೊಂಡರು. ಎಲ್ಲರಿಗೂ ಅವರು ‘ಅಕ್ಕೋರು’. ಪ್ರತಿ ಕ್ರಿಸ್‌ಮಸ್ಸಿಗೆ ಅಕ್ಕೋರ ಮನೆಯಿಂದ ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು ಬರುತ್ತಿತ್ತು. ಮಾವ ಅದನ್ನು ಒಂದು ವಾರ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದರು. ಈ ಸಲ ಡಿಸೆಂಬರಿನಲ್ಲಿ ಅಕ್ಕೋರು ಅಂಗಳದಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡರು. ಮೊಣಕೈ ತನಕ ಪ್ಲಾಸ್ಟರು. ನೋಡಲು ಹೋದ ಮಾವ, ಕೈ ಹೇಗಿದೆ ಎಂದು ಕೇಳುವ ಮೊದಲೇ ಘೋಷಿಸಿಬಿಟ್ಟರು: “ಈ ವರ್ಷ ಬ್ರೆಡ್ ನಾ ಮಾಡ್ತೀನ್ರಿ.”

ಅದುವರೆಗೆ ಮಾವ ಅಡುಗೆಮನೆಯಲ್ಲಿ ಮಾಡಿದ ಕೆಲಸವೆಂದರೆ ನೀರು ಕುಡಿದದ್ದು.

ಸೇಡಂನಿಂದ ರಜೆ ಹಾಕಿ ಹೋಗಿದ್ದ ನಾನು ಸಹಾಯಕಿಯಾದೆ. ಅಕ್ಕೋರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆವು. ಈಸ್ಟನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಬೇಕು ಎಂದಿತ್ತು. ಬೆಚ್ಚಗೆ ಎಂದರೆ ಎಷ್ಟು? ಮಾವ ಯಾವುದಕ್ಕೂ ಇರಲಿ ಎಂದು ಕುದಿಯುವ ನೀರನ್ನೇ ಸುರಿದರು. ಕುಕ್ಕರಿನಲ್ಲಿ ಎರಡು ತಾಸು ಬೇಯಿಸಿ ಹೊರತೆಗೆದಾಗ ಬಂದದ್ದು ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು. ಮಾವನ ಹೆಂಡತಿ, ನಮ್ಮ ಅತ್ತಿ, ಅದನ್ನು ಬಡಿದು ನೋಡಿ, “ಛಂದ ಆಗ್ಯಾದ. ಬಚ್ಚಲದಾಗ ಒಂದು ಫರಸಿ ಒಡದದ, ಅಲ್ಲಿ ಕೂಡಸ್ರಿ” ಎಂದರು.

ಕಲ್ಲನ್ನು ಅಕ್ಕೋರಿಗೆ ತೋರಿಸಿದೆವು. “ಈಸ್ಟ್ ಅಂದ್ರ ಜೀವ ಇರ್ತದರಿ. ಕುದಿಯೋ ನೀರು ಹಾಕಿದ್ರ ಸತ್ತು ಹೋಗ್ತದ” ಎಂದರು ಅವರು. ಮಾವನ ಮುಖ ಬಿಳುಚಿತು. ಇರುವೆ ಸಾಲು ಕಂಡರೆ ದಾಟಿ ನಡೆಯುವ ಮನುಷ್ಯ! ಮನೆಗೆ ಬಂದು ಇಷ್ಟಲಿಂಗ ಪೂಜೆಗೆ ಎರಡನೇ ಸಲ ಕುಳಿತರು. ಮಧ್ಯಾಹ್ನದ ಊಟ ಬಿಟ್ಟರು. ಬಹುವಚನ ಶುರುವಾದದ್ದು ಅಂದಿನಿಂದಲೇ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಮುಂಜಾನೆ ನಾನು ಏಳುವ ಹೊತ್ತಿಗೆ ಮಾವ ಹೊಸ ಹಿಟ್ಟು ನಾದಿ ಮುಗಿಸಿದ್ದರು. ಚಳಿಗೆ ಅದು ಉಬ್ಬಲು ಒಪ್ಪಲಿಲ್ಲ. ಮಾವ ಬೋಗಣಿಯನ್ನು ತಮ್ಮ ಮಂಚದ ಮೇಲಿಟ್ಟು, ಮಫ್ಲರ್ ಸುತ್ತಿ, ಅತ್ತಿಯ ಕೌದಿ ಹೊಚ್ಚಿ, ಪಕ್ಕದಲ್ಲಿ ಕುಳಿತರು. ಆ ಹೊತ್ತಿಗೇ ತೆಂಗಳಿಯಿಂದ ಅತ್ತಿಯ ಅಕ್ಕ ಬಂದಿಳಿಯಬೇಕೇ? ಬಾಗಿಲಲ್ಲೇ ಮಾವ ಬಾಯಿಗೆ ಬೆರಳಿಟ್ಟರು.

“ಮೆಲ್ಲಕ ಬರ್ರಿ. ಈಗರ ಏಳಾಕತ್ಯಾರ.”

ಬಂದವರು ಕೌದಿಯ ಕಡೆ ನೋಡಿ ದನಿ ತಗ್ಗಿಸಿದರು. “ಎಷ್ಟು ದಿನದ್ದು?”

“ಇವತ್ತು ಮುಂಜಾನಿದು.”

“ಯಾರದು?”

“ನಂದೇ,” ಎಂದರು ಮಾವ, ಹೆಮ್ಮೆಯಿಂದ.

ಆ ಹಿರಿಯ ಜೀವ ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಬಂತು. “ತಂಗಿ, ಇಷ್ಟೆಲ್ಲ ಆಗ್ಯಾದ, ನನಗೊಂದು ಮಾತು ಹೇಳಬಾರದೇನ?”

ರೊಟ್ಟಿ ಬಡಿಯುತ್ತಿದ್ದ ಅತ್ತಿ ತಲೆ ಎತ್ತಲಿಲ್ಲ. “ಏನಂತ ಹೇಳ್ಲಿ ಅಕ್ಕಾ? ಈ ವಯಸ್ಸಿನ್ಯಾಗ ಬ್ಯಾಡಂದೆ, ಕೇಳಲಿಲ್ಲ. ನನ್ನ ಕೌದಿನೂ ಅದಕ್ಕೇ ಹೊಚ್ಚ್ಯಾರ. ಬಾಜೂಮನಿ ಅಕ್ಕೋರೇ ಕಲಿಸ್ಯಾರ.”

ಅವರು ಅಲ್ಲೇ ಕುಸಿದು ಕುಳಿತರು. ನಾನು ಓಡಿಹೋಗಿ ಬೋಗಣಿ ತಂದು ತೋರಿಸದೇ ಇದ್ದಿದ್ದರೆ ಸಂಜೆಯೊಳಗೆ ತೆಂಗಳಿಯಿಂದ ಹಿರಿಯರ ಪಂಚಾಯಿತಿ ಬರುತ್ತಿತ್ತು.

ಇನ್ನು ಬೇಯಿಸುವುದು. ಕುಕ್ಕರಿನ ಮೇಲೆ ಮಾವನಿಗೆ ವಿಶ್ವಾಸ ಹೋಗಿತ್ತು. ಶಹಾಬಾದಿನಲ್ಲಿ ಅವರ ಪರಿಚಯದ ಚಾಚಾ ಒಬ್ಬರ ಬೇಕರಿ ಇದೆ, ಕಟ್ಟಿಗೆ ಭಟ್ಟಿಯದು. ಮಧ್ಯಾಹ್ನದ ಪ್ಯಾಸೆಂಜರಿಗೆ ಹೊರಟೆವು. ಮಾವನ ಮಡಿಲಲ್ಲಿ ಬೋಗಣಿ. ಹತ್ತೇ ನಿಮಿಷದ ದಾರಿ, ಆದರೆ ಗಾಡಿ ಸಿಗ್ನಲ್ ಸಿಗದೆ ನಡುವೆ ನಿಂತುಬಿಟ್ಟಿತು. ಬೋಗಿಯೊಳಗೆ ಜನ, ಬಿಸಿಲು, ಸೆಕೆ. ಮನೆಯ ಕೌದಿಯೊಳಗೆ ಮುನಿಸಿಕೊಂಡಿದ್ದ ಹಿಟ್ಟಿಗೆ ಇದು ಸ್ವರ್ಗವಾಯಿತು. ಮೊದಲು ಮುಚ್ಚಳ ಎದ್ದಿತು. ಆಮೇಲೆ ಹಿಟ್ಟು ಮಫ್ಲರಿನಿಂದ ಇಣುಕಿತು. ಎದುರಿಗಿದ್ದ ಹೆಣ್ಣುಮಗಳೊಬ್ಬಳು ತನ್ನ ಖಾಲಿ ಬುತ್ತಿಡಬ್ಬಿ ಕೊಟ್ಟಳು. ಅದು ತುಂಬಿತು. ಮತ್ತೊಬ್ಬರು ಸ್ಟೀಲ್ ಪಾತ್ರೆ ಕೊಟ್ಟರು. ಅದೂ ತುಂಬಿತು! ಅಷ್ಟರಲ್ಲಿ ಟಿಕೆಟ್ ನೋಡುವವರು ಬಂದರು.

“ಏನ್ರಿ ಇದು, ಇಷ್ಟು ದೊಡ್ಡದು?”

ಮಾವ ಎದ್ದು ನಿಲ್ಲಲಾಗದೆ ಕುಳಿತಲ್ಲಿಂದಲೇ ಉತ್ತರಿಸಿದರು. “ವಾಡ್ಯಾಗ ಹತ್ತುವಾಗ ಭಾಳ ಸಣ್ಣದಿತ್ತರಿ.”

ಟಿಕೆಟಿನವರು ಒಂದು ಬೆರಳಿನಿಂದ ಹಿಟ್ಟನ್ನು ಒತ್ತಿದರು. ಗುಳಿ ಮೆಲ್ಲಗೆ ಮೇಲೆದ್ದು ಬಂತು. “ಇನ್ನೂ ಎಳೇದೇ ಅದ ಬಿಡ್ರಿ. ಐದು ವರ್ಷ ಆಗೂತನಕ ಟಿಕೆಟ್ ಬ್ಯಾಡ,” ಎಂದು ಮುಂದೆ ಹೋದರು.

ಡಬ್ಬಿ ಕೊಟ್ಟವರು ಡಬ್ಬಿ ಬಿಟ್ಟು ಹೋಗುವಂತಿಲ್ಲವಲ್ಲ? ಬೇಕರಿ ತನಕ ಮೆರವಣಿಗೆಯಾಗಿ ಬಂದರು. ಭಟ್ಟಿಯ ಬಾಯಿಗೆ ಹಿಟ್ಟು ಹೋಗುವಾಗ ಮಾವ ಜೇಬಿನಿಂದ ತಮ್ಮ ಹಳೆಯ ಸೀಟಿ ತೆಗೆದು ಊದಿದರು. ಒಳಗೆ ಬಿಸ್ಕೀಟು ಜೋಡಿಸುತ್ತಿದ್ದವರ ಕೈಯಿಂದ ಒಂದು ತಟ್ಟೆ ಬಿತ್ತು. ಅರ್ಧ ತಾಸಿನ ನಂತರ ಮೂರು ಬ್ರೆಡ್ಡು ಹೊರಬಂದವು. ಒಂದು ಗುಂಡು, ಒಂದು ಚೌಕ, ಇನ್ನೊಂದು ಯಾವ ಆಕಾರವೆಂದು ಹೇಳಲು ಬಾರದು. ಆದರೆ ಮೂರೂ ಹೂವಿನ ಹಾಗೆ ಮೆತ್ತಗಿದ್ದವು. ಡಬ್ಬಿಯವರಿಗೆ ಒಂದನ್ನು ಮುರಿದು ಕೊಟ್ಟು, ಉಳಿದೆರಡನ್ನು ಮನೆಗೆ ತಂದೆವು.

ಕ್ರಿಸ್‌ಮಸ್ಸಿನ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನನ್ನೂ ಕರೆದುಕೊಂಡು ಅಕ್ಕೋರ ಮನೆಗೆ ಹೋದರು. ಅಕ್ಕೋರು ಎಡಗೈಯಿಂದ ಒಂದು ತುಂಡು ಮುರಿದು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿ ಮಾವನನ್ನು ನೋಡಿದರು.

“ಅಣ್ಣಾರ, ಇದರಾಗ ತತ್ತಿ ಹಾಕೀರೇನ್ರಿ?”

ನಾನು ಗಾಬರಿಯಾದೆ. ನಮ್ಮ ಮನೆತನದಲ್ಲಿ ಮೊಟ್ಟೆ ಮುಟ್ಟಿದವರಿಲ್ಲ. ಮಾವ ನೆಲ ನೋಡುತ್ತ ಹೇಳಿದರು: “ನಿಮ್ಮ ಚೀಟ್ಯಾಗ ತತ್ತಿ ಇರಲಿಲ್ಲರಿ. ಹಬ್ಬದ ಬ್ರೆಡ್ಡಿಗೆ ತತ್ತಿ ಬೇಕೇ ಬೇಕಂತ ಚಾಚಾ ಫೋನಿನ್ಯಾಗ ಅಂದ್ರು. ನಮ್ಮ ಸಲುವಾಗಿ ಬಿಟ್ಟು ಹೇಳೀರಂತ ತಿಳೀತು. ಇದು ನಿಮ್ಮ ಹಬ್ಬ. ನಿಮ್ಮ ಮನೀದು ಇದ್ದಂಗೇ ಇರಬೇಕಲ್ಲ? ನಸುಕಿನ್ಯಾಗ ಹಿತ್ತಲದಾಗ ಕುಂತು, ಕಣ್ಣು ಮುಚ್ಚಿ, ನಾನೇ ಒಡದೆ.”

ಅಕ್ಕೋರು ಬಾಯಲ್ಲಿದ್ದುದನ್ನು ನುಂಗಿ, ಎಡಗೈಯಲ್ಲಿ ತಟ್ಟೆ ಎತ್ತಿಕೊಂಡರು. “ನೀವು ಬಾಜೂಕ ಬಂದ ವರ್ಷದಿಂದ ನಾ ತತ್ತಿ ಹಾಕೇ ಇಲ್ಲರಿ. ನಿಮಗೊಂದು, ನಮಗೊಂದು ಅಂತ ಬ್ಯಾರೆ ಬ್ಯಾರೆ ಮಾಡಾಕ ಮನಸ್ಸು ಬರಲಿಲ್ಲ. ನಮ್ಮ ಮನ್ಯಾಗೂ ಅದೇ ತಿಂತಿದ್ವಿ.”

ಮಾವ ಬ್ರೆಡ್ಡನ್ನು ಅವರ ಕಡೆ ಸರಿಸಿದರು. “ಛಂದ ಆಗ್ಯಾದೇನ್ರಿ?” ಎಂದು ಮಾತ್ರ ಕೇಳಿದರು.

ಅಕ್ಕೋರು ಕಣ್ಣು ಒರೆಸಿಕೊಳ್ಳಲು ಹೋದರೆ ಬಲಗೈ ಮೇಲೇಳಲಿಲ್ಲ, ಎಡಗೈಯಲ್ಲಿ ತಟ್ಟೆ ಇತ್ತು. ಆ ತಟ್ಟೆಯನ್ನೇ ಇನ್ನೊಂದು ತುಂಡಿಗಾಗಿ ಮಾವನ ಮುಂದೆ ಚಾಚಿದರು.